ಬದುವಿನಾಚೆಯ ಚರಗ

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನನಗೆ ಈ ಜನ್ಮದಲ್ಲಿ ಸಿದ್ಧಿಸಲಿಲ್ಲ. ಬೈಲಹೊಂಗಲದ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅದರ ಪಕ್ಕದಲ್ಲಿ ಓಡುತ್ತ, ಕಿಟಕಿಯ ಸರಳುಗಳ ನಡುವೆ ಹೆಗಲ ಮೇಲಿನ ವಸ್ತ್ರವನ್ನು ಗುರಿ ತಪ್ಪದೆ ತೂರಿಸಿ, ಆಮೇಲೆ ಎಲೆಯಡಿಕೆ ಮೆಲ್ಲುತ್ತ ಸಾವಕಾಶವಾಗಿ ಹತ್ತಿಬರುವ ಮಹನೀಯರನ್ನು ನೀವೂ ಕಂಡಿರುತ್ತೀರಿ. ನಾನು ಸರದಿಯಲ್ಲಿ ನಿಂತು, ಮುದುಕರಿಗೂ ಮಕ್ಕಳೊಂದಿಗರಿಗೂ ದಾರಿ ಬಿಟ್ಟು, ಸಜ್ಜನಿಕೆಯ ಸಕಲ ವಿಧಿಗಳನ್ನೂ ಪೂರೈಸಿ ಒಳಗೆ ಕಾಲಿಡುವ ಹೊತ್ತಿಗೆ ಪ್ರತಿ ಸೀಟಿನ ಮೇಲೂ ಒಂದೊಂದು ಟವೆಲ್ಲು ಪಟ್ಟಾಭಿಷಿಕ್ತವಾಗಿರುತ್ತದೆ. ಆಗ ನಾನು ಮೇಲಿನ ಸರಳು ಹಿಡಿದು ನಿಂತು, ನ್ಯಾಯದ ಹೊಣೆಯನ್ನು ಭಗವಂತನಿಗೆ ಒಪ್ಪಿಸುತ್ತೇನೆ. ಡ್ರೈವರ್ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಸಾಕು, ಟವೆಲ್ಲಿನ ಒಡೆಯನ ಹಣೆ ಮುಂದಿನ ಕಂಬಿಗೆ ತಾಗೀತು ಎಂದು ಯರಗಟ್ಟಿಯವರೆಗೂ ಕಾದದ್ದಿದೆ. ಬ್ರೇಕ್ ಬಿದ್ದದ್ದೂ ಇದೆ. ಹಣೆ ಬಡಿದುಕೊಂಡದ್ದು ನಾನು.

ನಾನು ಹುಟ್ಟಿದ್ದು ಕಿತ್ತೂರಿನಲ್ಲಿ ಎಂದು ಹೇಳಿದೊಡನೆ ಜನ ನನ್ನ ಮೀಸೆಯನ್ನು ನೋಡುತ್ತಾರೆ. ರಣಘೋಷದ ಊರಿನವನಿಗೆ ಅನ್ಯಾಯ ಕಂಡರೆ ರಕ್ತ ಕುದಿಯಲೇಬೇಕೆಂದು ಅವರ ನಂಬಿಕೆ. ರಕ್ತ ಕುದಿಯುತ್ತದೆ, ನಿಜ. ಆದರೆ ಅದು ಒಳಗೇ ಕುದಿದು, ಒಳಗೇ ಆರಿ, ಒಳಗೇ ಕೆನೆಗಟ್ಟುತ್ತದೆ. ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ನನಗೆ ಯುದ್ಧಗಳೆಲ್ಲ ಕಪ್ಪುಹಲಗೆಯ ಮೇಲೆ ಮಾತ್ರ ಪರಿಚಿತ. ಇಂಥವನು ಪ್ರತಿ ವರ್ಷ ಒಂದು ದಿನ, ತಲೆಗೆ ವಸ್ತ್ರ ಸುತ್ತಿ, ಬುಟ್ಟಿ ಹೊತ್ತು, ಗಟ್ಟಿಯಾಗಿ ಕೂಗುತ್ತ ಪರರ ಹೊಲದೊಳಗೆ ನುಗ್ಗುತ್ತಿದ್ದನೆಂದರೆ ನೀವು ನಂಬಲಿಕ್ಕಿಲ್ಲ. ನುಗ್ಗಿಸುತ್ತಿದ್ದವಳು ನನ್ನ ಸೋದರತ್ತೆ ನೀಲವ್ವ.

ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಅತ್ತೆಗೆ ಎರೆಹೊಲವಿತ್ತು. ಮಾವ ತೊಂಬತ್ತರ ದಶಕ ಕಣ್ಣು ಬಿಡುವ ಹೊತ್ತಿಗೆ ಕಣ್ಣು ಮುಚ್ಚಿದ್ದರು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ರೂಢಿಯಾದ್ದರಿಂದ ಮಾವನ ಸಮಾಧಿ ಹೊಲದ ಪಡುವಣ ಅಂಚಿನ ಸಮೀಪದಲ್ಲಿತ್ತು. ಇದ್ದೊಬ್ಬ ಮಗಳನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಅತ್ತೆಗೆ ಅನ್ನಕ್ಕೂ ಆಸರೆಗೂ ಕೊರತೆಯಿರಲಿಲ್ಲ. ಆದರೆ ಎಳ್ಳಮಾವಾಸ್ಯೆಯ ಚರಗಕ್ಕೆ ಮಾತ್ರ ತವರಿನ ಗಂಡಸೇ ಬೇಕೆಂದು ಆಕೆಯ ಹಟ. ಹಿಂಗಾರಿ ಜೋಳ ಎದೆಯುದ್ದ ನಿಂತಿರುವಾಗ ಭೂಮಿತಾಯಿ ಬಸುರಿ; ಬಸುರಿಗೆ ಬಯಕೆಯ ಊಟ. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿಗಳನ್ನು ಬುಟ್ಟಿಗಟ್ಟಲೆ ಮಾಡಿಕೊಂಡು ಹೊಲಕ್ಕೆ ಹೋಗಿ, ಮೊದಲು ಹೊಲದ ಸುತ್ತ ಆ ಅಡುಗೆಯನ್ನು ಚೆಲ್ಲಿ, ಆಮೇಲೆ ಮನುಷ್ಯರು ಉಣ್ಣಬೇಕು. ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಮುಂದೆ ನಡೆಯಬೇಕು, ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರಬೇಕು.

ಮೊದಲ ವರ್ಷ ನಾನು ಬಹು ಶ್ರದ್ಧೆಯಿಂದ ಬದುವಿನ ಗುಂಟ ಚರಗ ಚೆಲ್ಲುತ್ತ ಹೊರಟೆ. ಹಿಂದೆ ತಂಬಿಗೆ ಹಿಡಿದಿದ್ದ ಅತ್ತೆ ನಿಂತುಬಿಟ್ಟಳು.

"ಎಲ್ಲಿ ಹೊಂಟಿ ತಮ್ಮಾ? ನಮ್ಮ ಹೊಲ ಅಲ್ಲಿತನಾ ಐತಿ," ಎಂದು ಬದುವಿನ ಆಚೆ, ಪಕ್ಕದ ಹೊಲದ ಜೋಳದೊಳಗೆ ಕೈ ತೋರಿಸಿದಳು.

ಬದುವಿನ ಕಥೆ ನನಗೆ ಗೊತ್ತಾದದ್ದು ಆಗ. ಪಕ್ಕದ ಹೊಲ ಶಂಕ್ರೆಪ್ಪನದು. ಮಾವ ತೀರಿಕೊಂಡ ಮೇಲೆ ಶಂಕ್ರೆಪ್ಪನ ನೇಗಿಲಿಗೆ ಒಂದು ಚಾಳಿ ಹತ್ತಿತು. ಪ್ರತಿ ವರ್ಷ ಬಿತ್ತುವ ಮುಂಚೆ ತನ್ನ ಕಡೆಯಿಂದ ಬದುವನ್ನು ಒಂದು ಸಾಲಿನಷ್ಟು ಕೆರೆದು, ಆ ಮಣ್ಣನ್ನು ನಮ್ಮ ಕಡೆ ಒತ್ತರಿಸುವುದು. ಹೀಗಾಗಿ ಬದು ಒಡೆಯಲಿಲ್ಲ, ಅಳಿಯಲಿಲ್ಲ; ನಡೆಯತೊಡಗಿತು. ಗಡಿಯ ಕಲ್ಲು ಒಂದು ಮಳೆಗಾಲದಲ್ಲಿ ಕೊಚ್ಚಿಹೋಯಿತೆಂದು ಶಂಕ್ರೆಪ್ಪ ಊರಲ್ಲಿ ಹೇಳಿದ್ದ. ಇಬ್ಬರು ಗಂಡಾಳು ಸೇರಿ ಅಲುಗಿಸಲಾರದ ಕಲ್ಲು ಎತ್ತ ಈಜಿತೆಂದು ಯಾರೂ ಕೇಳಲಿಲ್ಲ. ಅತ್ತೆ ಅವನನ್ನು ಎದುರೆದುರೇ ಒಮ್ಮೆ ಮಾತಾಡಿಸಿದ್ದಳಂತೆ: "ಶಂಕ್ರೆಪ್ಪಾ, ನಮ್ಮ ನಡುವಿನ ಬದು ಭಾಳ ನಡಿಯಾಕ ಹತ್ತೈತಿ. ಕಾಲ ನೋಯಂಗಿಲ್ಲೇನು ಅದಕ್ಕ?" ಅವನು ನಕ್ಕು ಬೀಡಿ ಹಚ್ಚಿದನಂತೆ. ಅಲ್ಲಿಗೆ ಆ ಮೊಕದ್ದಮೆ ಮುಗಿದಿತ್ತು.

ಪರರ ನಿಂತ ಬೆಳೆಯೊಳಗೆ ಹೇಗೆ ಹೋಗಲಿ ಎಂದು ನಾನು ತಡವರಿಸಿದೆ. ಹೊಲದ ಉತಾರ ಪತ್ರದಲ್ಲಿ ಏನಿದೆಯೋ ನೋಡೋಣ ಎಂದೆ.

"ಬಸರಿಗೆ ಅರ್ಧಾ ಹೊಟ್ಟಿಗೆ ಉಣಸತಾರೇನು? ಹೊಟ್ಟಿ ಎಲ್ಲಿತನಾ ಐತಿ ಅಲ್ಲಿತನಾ ಉಣಸಬೇಕು. ರಾಶಿ ಯಾರರ ಮಾಡಲಿ. ನಡಿ."

ನಡೆದೆ. ಕಿತ್ತೂರಿನ ವೀರರಕ್ತ ಪಾದಕ್ಕಿಳಿದು ನಿಂತಿತ್ತು. "ಹುಲ್ಲುಲ್ಲಿಗೋ" ಎಂಬ ನನ್ನ ಕೂಗು ಕೇಳಿ ಮರಿಗುಬ್ಬಿಯೂ ಹಾರಲಿಲ್ಲ. ಜೋಳದ ನಡುವೆ ಶಂಕ್ರೆಪ್ಪ ಎದುರಾದ: ಎತ್ತರದ ಆಳು, ತಲೆಗೆ ದೊಡ್ಡ ಪಟಗಾ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು. ಹೊಡೆದಾನು ಎಂದುಕೊಂಡೆ. ಅವನು ಪಕ್ಕಕ್ಕೆ ಸರಿದು, ಚರಗಕ್ಕೆ ಕೈಮುಗಿದು, "ಬರ್ರಿ ಸರ, ಹೊಂಗಲದಿಂದ ಈಗ ಬಂದ್ರೇನು? ಉಂಡು ಹೋಗ್ರಿ ನಮ್ಮಲ್ಲೂ," ಎಂದ. ಚರಗದ ದಿನ ಹೊಲಕ್ಕೆ ಬಂದವರನ್ನು ತಡೆಯುವ ಪದ್ಧತಿ ನಮ್ಮಲ್ಲಿಲ್ಲ, ಉಣ್ಣದೆ ಕಳಿಸುವ ಪದ್ಧತಿಯೂ ಇಲ್ಲ. ಅವನ ಹೆಂಡತಿ ಬಡಿಸಿದ ಶೇಂಗಾ ಹೋಳಿಗೆ ನಮ್ಮ ಮನೆಯದಕ್ಕಿಂತ ಮೆತ್ತಗಿತ್ತು. ಇದನ್ನೂ ನಾನು ಅವನ ಅಪರಾಧಗಳ ಲೆಕ್ಕಕ್ಕೇ ಸೇರಿಸಿಕೊಂಡೆ.

ನಮ್ಮ ಬುತ್ತಿಯನ್ನು ಅತ್ತೆ ಬಿಚ್ಚುತ್ತಿದ್ದದ್ದು ಮಾವನ ಸಮಾಧಿಯ ಎಡಮಗ್ಗುಲಿಗೆ. ಅಲ್ಲಿ ಕೌದಿ ಹಾಸಿ, ಎಲ್ಲರನ್ನೂ ಕೂರಿಸಿ, ತಾನು ಸಮಾಧಿಯ ಕಟ್ಟೆಗೆ ಒರಗಿ ಕೂರುತ್ತಿದ್ದಳು. ಒಂದು ವರ್ಷ ರೊಟ್ಟಿ ಮುರಿಯುತ್ತ, ಮಳೆಯ ಸುದ್ದಿ ಹೇಳುವಷ್ಟೇ ಸಹಜವಾಗಿ, ಕೌದಿಯ ಮೇಲೆ ಅಂಗೈ ತಟ್ಟಿ ಹೇಳಿದಳು: "ಇದು ನನ್ನ ಜಾಗಾ. ನಿಮ್ಮ ಮಾವನ ಎಡಕ. ನಾಳೆ ನಾ ಹ್ವಾದ ಮ್ಯಾಲ ಬ್ಯಾರೆ ಕಡೆ ಒಯ್ದು ಹಾಕಬ್ಯಾಡ್ರಿ." ನಾನು ತಲೆಯೆತ್ತಿ ನೋಡಿದರೆ ಬದು ಆ ಕೌದಿಯಿಂದ ಕೆಲವೇ ಮಾರು ದೂರದಲ್ಲಿತ್ತು, ಮತ್ತು ಅದು ನಮ್ಮ ಕಡೆಗೇ ಬರುತ್ತಿತ್ತು.

ಅಂದಿನಿಂದ ಶಂಕ್ರೆಪ್ಪನ ವಿನಾಶದಲ್ಲಿ ನನಗೆ ವೈಯಕ್ತಿಕ ಆಸಕ್ತಿ ಹುಟ್ಟಿತು. ದುಷ್ಟರು ಚಿಗುರುವುದನ್ನು ಕಂಡು ಶಿಷ್ಟರು ಹೊಟ್ಟೆ ಉರಿದುಕೊಳ್ಳುವುದು ಪುರಾತನ ವ್ಯಾಧಿ. ನನ್ನನ್ನು ಶಿಷ್ಟರ ಪಂಕ್ತಿಯಲ್ಲಿ ಕೂರಿಸಿದವರು ಯಾರೆಂದು ಮಾತ್ರ ಕೇಳಬೇಡಿ. ಆ ಸೀಟಿಗೆ ನಾನೇ ಟವೆಲ್ ಹಾಕಿದ್ದೆ. ಪ್ರತಿ ಎಳ್ಳಮಾವಾಸ್ಯೆಗೆ ಬಸ್ಸಿಳಿದೊಡನೆ ಅತ್ತೆಯ ಕ್ಷೇಮಸಮಾಚಾರಕ್ಕೂ ಮೊದಲು, "ಶಂಕ್ರೆಪ್ಪ ಹೆಂಗದಾನ?" ಎಂದು ಆಶಾಭಾವದಿಂದ ಕೇಳುತ್ತಿದ್ದೆ. ನಾನು ಅವನ ಹಿತೈಷಿಯೆಂದೇ ತಿಳಿದ ಅತ್ತೆ ಹಿಗ್ಗಿನಿಂದ ವರದಿ ಒಪ್ಪಿಸುತ್ತಿದ್ದಳು. ಛಲೋ ಅದಾನ, ಮಗಳ ಮದುವೆ ಗೊತ್ತಾಯಿತು. ಛಲೋ ಅದಾನ, ಸೊಸೈಟಿಗೆ ಅವಿರೋಧವಾಗಿ ಆರಿಸಿಬಂದ. ಒಂದು ವರ್ಷ ಮಾತ್ರ, ಪಾಪ, ಹಲ್ಲಿನ ಬೇನೆಯಿಂದ ಹದಿನೈದು ದಿನ ಅನ್ನ ಬಿಟ್ಟಾನ ಎಂದಳು. ನನಗೆ ಆಕಾಶದಲ್ಲಿ ಅರುಣೋದಯವಾದಂತಾಯಿತು. ನಿಧಾನವಾಗಿ ಬೀಸುವ ದೇವರ ಗಿರಣಿ ಕೊನೆಗೂ ತಿರುಗಿತು, ಹಲ್ಲಿನಿಂದ ಆರಂಭಿಸಿದ್ದಾನೆ, ಕ್ರಮೇಣ ಮೇಲಕ್ಕೋ ಕೆಳಕ್ಕೋ ಹೋದಾನು ಎಂದುಕೊಂಡೆ. ಮರುವರ್ಷ ನೋಡಿದರೆ ಶಂಕ್ರೆಪ್ಪನ ಬಾಯಲ್ಲಿ ಆ ಹಲ್ಲಿನ ಜಾಗದಲ್ಲಿ ಬಂಗಾರದ ಹಲ್ಲು ಕೂತಿತ್ತು, ಮತ್ತು ಅವನು ಮೊದಲಿಗಿಂತ ಹೆಚ್ಚು ನಗುತ್ತಿದ್ದ.

ಊರ ಗುಡಿಗೆ ಅವನೊಂದು ದೊಡ್ಡ ಗಡಿಯಾರ ಕಾಣಿಕೆ ಕೊಟ್ಟ. ಮುಳ್ಳುಗಳ ಕೆಳಗೆ ಕೆಂಪಕ್ಷರದಲ್ಲಿ ಅವನ ಹೆಸರು. ದೇವರು ಇನ್ನೂ ಎಷ್ಟು ಕಾಲ ಸುಮ್ಮನಿರುವನೋ ಎಂದು ಗರ್ಭಗುಡಿಯ ಮುಂದೆ ನಿಂತು ನಾನು ಕಣ್ಣೆತ್ತಿದರೆ, ಹೊತ್ತು ಹೇಳುತ್ತಿದ್ದವನು ಶಂಕ್ರೆಪ್ಪನೇ.

ಮೋಜಣಿ ಮಾಡಿಸೋಣ ಎಂದು ನಾನು ಅತ್ತೆಗೆ ಹೇಳದೆ ಇರಲಿಲ್ಲ. ಸರ್ವೆಯವರು ಬಂದು ಸರಪಳಿ ಎಳೆದರೆ ಗಡಿ ತಾನಾಗಿ ಗೊತ್ತಾಗುತ್ತದೆ ಎಂದೆ.

"ಅಳಿಯಾಕ ಬಂದವರು ಅಳದು ಹೊಂಗಲಕ್ಕೋ ರಾಮದುರ್ಗಕ್ಕೋ ಹೋಗತಾರ. ನೀನೂ ಬಸ್ ಹತ್ತಿ ಹೋಗತಿ. ಆಮ್ಯಾಲ ಅಂವಾ, ನಾ ಇಬ್ಬರ ಇಲ್ಲೇ ಇರಬೇಕಲ್ಲೋ."

"ಹಂಗಂತ ಸುಮ್ನ ಕುಂದ್ರೂದೇನು?"

"ನಾ ಎಲ್ಲಿ ಸುಮ್ನ ಕುಂತೇನಿ? ಬಿತ್ತತೇನಿ, ಕಳೆ ತಗಿತೇನಿ, ವರ್ಷಾ ಚರಗಾ ಚೆಲ್ಲತೇನಿ. ನೋಡಾಂವ ಒಬ್ಬ ಮ್ಯಾಲ ಅದಾನ. ಅಂವಗ ನೋಡೂ ಕೆಲಸ, ನಂಗ ನನ್ನ ಕೆಲಸ. ನೀ ಯಾಕ ನಡುವ ಕಾವಲ ಕುಂದರತಿ?"

ಆಕೆಯ ಈ ನಿಶ್ಚಿಂತೆ ನನಗೆ ಶಂಕ್ರೆಪ್ಪನ ಬಂಗಾರದ ಹಲ್ಲಿಗಿಂತಲೂ ದುಸ್ಸಹವಾಗಿತ್ತು. ಒಂದು ಹುಣ್ಣಿಮೆಗೆ ಆಕೆಯನ್ನು ಸವದತ್ತಿಯ ಗುಡ್ಡಕ್ಕೆ ಕರೆದೊಯ್ದೆ. ಹೊರಗೆ ಭಕ್ತಿ, ಒಳಗೆ ಬೇರೆಯೇ ಹಂಚಿಕೆ: ಮನುಷ್ಯರ ಕಚೇರಿ ಬೇಡವೆನ್ನುವವಳು ದೇವಿಯ ಕಚೇರಿಯಲ್ಲಾದರೂ ಅರ್ಜಿ ಹಾಕಲಿ. ಉಗರಗೋಳದ ಅಂಗಡಿಗಳಲ್ಲಿ ಕಾಯಿ, ಭಂಡಾರದ ಅರಿಸಿನ ಕೊಂಡು, ಜನರ ನೂಕುನುಗ್ಗಲಿನಲ್ಲಿ ನನ್ನ ಒಂದು ಚಪ್ಪಲಿಯನ್ನು ಶಾಶ್ವತವಾಗಿ ಅರ್ಪಿಸಿ, ಅಂತೂ ದೇವಿಯ ಎದುರು ತಲುಪಿದೆವು. ಅತ್ತೆಯ ತುಟಿಯನ್ನೇ ನೋಡುತ್ತ ನಿಂತೆ. ಅದು ಅಲುಗಲಿಲ್ಲ. ಹೊರಬಂದ ಮೇಲೆ, ಏನೂ ಬೇಡಿಕೊಳ್ಳಲಿಲ್ಲವೇ, ಬದುವಿನ ವಿಷಯ ಹೇಳಲಿಲ್ಲವೇ ಎಂದು ಕೇಳಿದೆ.

"ಇಷ್ಟ ಮಂದಿ ಬಂದಾರ. ಕೂಸಿಲ್ಲದವರು, ಕಣ್ಣಿಲ್ಲದವರು. ಅವರ ನಡುವ ನಾ ನಿಂತು ಬದುವಿನ ಸುದ್ದಿ ಹೇಳಲ್ಯಾ? ಆಕಿಗೆ ಕಾಣಂಗಿಲ್ಲೇನು?"

ಆಕೆ ಹೇಳಬೇಕಾದದ್ದೂ ಇರಲಿಲ್ಲ, ಏಕೆಂದರೆ ಆಕೆಯ ಪರವಾಗಿ ನಾನು ಆಗಲೇ ಸರ್ವೆ ನಂಬರ್ ಸಹಿತ ಸವಿವರವಾದ ಮನವಿಯನ್ನು ಮನಸ್ಸಿನಲ್ಲೇ ಸಲ್ಲಿಸಿಬಿಟ್ಟಿದ್ದೆ. ಆ ವರ್ಷವೇ ಶಂಕ್ರೆಪ್ಪನ ಮನೆಗೆ ಟ್ರ್ಯಾಕ್ಟರ್ ಬಂತು. ಎತ್ತುಗಳಾದರೆ ಸಮಾಧಿಯ ಹತ್ತಿರ ಬಂದಾಗ ತಾವಾಗಿ ಹಿಂಜರಿದಾವು ಎಂಬ ಕೊನೆಯ ಆಸೆಯೂ ಹೋಯಿತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಬದು ಅತ್ತೆಯ ಜಾಗವನ್ನು ದಾಟಿ ಮಾವನ ಸಮಾಧಿಯ ಕಟ್ಟೆಗೆ ಬಂದು ಅಂಟಿತ್ತು. ಎಡಮಗ್ಗುಲಿನ ಆ ನೆಲ ಈಗ ಪೂರ್ತಿಯಾಗಿ ಶಂಕ್ರೆಪ್ಪನ ಹೊಲ. ಅತ್ತೆ ಮಾತ್ರ ಏನೂ ಆಗದವಳಂತೆ ಚರಗ ಮುಗಿದ ಮೇಲೆ ಬದು ಹತ್ತಿ ಇಳಿದು, ಅಲ್ಲೇ ಕೌದಿ ಹಾಸುತ್ತಿದ್ದಳು. ನಾವೂ ಅಲ್ಲೇ ಕೂತು ಉಣ್ಣುತ್ತಿದ್ದೆವು. ಉಣ್ಣುವ ಹೊತ್ತಿನಲ್ಲಿ ನನ್ನ ಬುದ್ಧಿ ತಾಟಿನ ಅಂಚು ದಾಟುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಟ್ಟಿರುತ್ತೇನೆ.

ಅತ್ತೆ ತೀರಿಕೊಂಡದ್ದು ಒಂದು ಎಳ್ಳಮಾವಾಸ್ಯೆ ಕಳೆದ ಕೆಲವು ವಾರಗಳಿಗೆ. ಜೋಳಕ್ಕೆ ತೆನೆ ತುಂಬಿ ಎಳೆಗಾಳಿನ ಸೀತನಿ ಸುಡುವ ಕಾಲ. ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮನೆಯ ಮುಂದಿನ ಕಟ್ಟೆಗೆ ಒರಗಿ ಕೂತವಳು ಏಳಲಿಲ್ಲವಂತೆ. ಫೋನು ಬಂದೊಡನೆ ಹೊರಟೆ. ಬಸ್ಸಿನಲ್ಲಿ ಎಂದಿನಂತೆ ನಿಂತೇ ಇದ್ದೆ, ಆದರೆ ಅಂದು ಯಾರ ಟವೆಲ್ಲೂ ಕಣ್ಣಿಗೆ ಬೀಳಲಿಲ್ಲ. ಒಂದೇ ಚಿಂತೆ: ಆಕೆಯನ್ನು ಎಲ್ಲಿ ಮಲಗಿಸುವುದು? ಜಾಗ ಶಂಕ್ರೆಪ್ಪನ ಪಾಲಾಗಿದೆ. ಅದರ ಮೇಲೆ ತೆನೆ ತುಂಬಿದ ಬೆಳೆ ನಿಂತಿರುತ್ತದೆ. ಅದನ್ನು ಕೊಯ್ದು ಕುಣಿ ತೋಡಲು ಅವನು ಒಪ್ಪುವನೇ? ದಾರಿಯುದ್ದಕ್ಕೂ ನಾನು ಅವನಿಗೆ ಮಾಡಬೇಕಾದ ಭಾಷಣವನ್ನು ಜೋಡಿಸಿಕೊಂಡೆ. ಜೀವಮಾನದಲ್ಲಿ ಒಮ್ಮೆಯಾದರೂ ಕಿತ್ತೂರಿನವನಂತೆ ಮಾತಾಡಬೇಕೆಂದು ನಿಶ್ಚಯಿಸಿದೆ. ಆ ಭಾಷಣದಲ್ಲಿ ಧರ್ಮವಿತ್ತು, ಪರಲೋಕವಿತ್ತು, ಕೊಚ್ಚಿಹೋದ ಗಡಿಕಲ್ಲಿತ್ತು, ಗುಡಿಯ ಗಡಿಯಾರವೂ ಇತ್ತು.

ಊರು ತಲುಪಿ, ಅತ್ತೆಯ ಮುಖ ನೋಡಿ, ಮನೆಯವರು ಏನಾದರೂ ಹೇಳುವ ಮುಂಚೆಯೇ ನಾನು ಹೊಲದ ಕಡೆ ನಡೆದೆ. ಸಮಾಧಿಯ ಹತ್ತಿರ ನಾಲ್ಕಾರು ಜನ ಸಲಿಕೆ ಗುದ್ದಲಿ ಹಿಡಿದಿದ್ದರು. ಅವರ ನಡುವೆ ಶಂಕ್ರೆಪ್ಪ, ಪಟಗಾ ತೆಗೆದು ಬರಿದಲೆಯಲ್ಲಿ. ನಾನು ಗಂಟಲು ಸರಿಮಾಡಿಕೊಂಡೆ.

"ಬರ್ರಿ ಸರ," ಎಂದ ಅವನು ಮೆಲ್ಲಗೆ. "ಇಲ್ಲೇ ತೋಡಸಾಕ ಹತ್ತೇನಿ. ಅಕ್ಕನ ಜಾಗಾ ಇದು."

ನೋಡಿದೆ. ಸುತ್ತ ಆಳೆತ್ತರದ ಜೋಳ ತೆನೆ ತೂಗುತ್ತಿತ್ತು. ನಡುವೆ, ಸಮಾಧಿಯ ಎಡಕ್ಕೆ, ನಾವು ವರ್ಷವರ್ಷವೂ ಕೌದಿ ಹಾಸುತ್ತಿದ್ದ ಆ ತುಂಡು ನೆಲದಲ್ಲಿ ಒಂದು ದಂಟೂ ಇರಲಿಲ್ಲ. ಕೊಯ್ದ ಕೂಳೆಯೂ ಇರಲಿಲ್ಲ. ಬರೀ ಹುಲ್ಲು, ಅದೂ ಹಳೆಯ ಹುಲ್ಲು.

"ಬೆಳಿ ತಗಿಸಿದ್ಯೇನು?" ಎಂದು ಕೇಳಿದೆ. ಭಾಷಣದ ಜಾಗದಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ಬಿತ್ತಿದ್ರ ತಗಸೂದು ಸರ. ಇಲ್ಲಿ ನಾ ಎಂದೂ ಕೂರಿಗಿ ಬಿಟ್ಟಿಲ್ಲ. ಟ್ರ್ಯಾಕ್ಟರ್ ಬಂದ ಮ್ಯಾಲೂ ಸುತ್ತ ಹಾಕಿ ಹೊಡಸೇನಿ. ಅಕ್ಕ ಕೂಡ್ರೂ ಜಾಗಾ ಅಲ್ರೇನು?"

ಅಷ್ಟು ವರ್ಷ ನಾನು ಆ ಜೋಳದ ಕಾಡಿನ ನಡುವೆ ಆರಾಮಾಗಿ ಕಾಲು ಚಾಚಿ ಕೂತು ಹೋಳಿಗೆ ತಿಂದಿದ್ದೆ. ಬೆಳೆಯ ನಡುವೆ ಕೂರಲು ನೆಲ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಬದುವನ್ನೇ ನೋಡುತ್ತಿದ್ದೆ. ಅತ್ತೆ ಅದನ್ನು ದಾಟಿ ಹೋಗಿ ಅದೇ ಹುಲ್ಲಿನ ಮೇಲೆ ಕೌದಿ ಹಾಸುತ್ತಿದ್ದವಳು, ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ನನಗೊಂದು ಮಾತು ಹೇಳಿರಲಿಲ್ಲ, ಬಹುಶಃ ನನಗೂ ಕಣ್ಣಿದೆಯೆಂದು ಭಾವಿಸಿರಬೇಕು.

ಆದರೂ ಒಳಗಿನ ಕಿತ್ತೂರಿನವನು ಪೂರ್ತಿ ಸತ್ತಿರಲಿಲ್ಲ. "ಹಂಗಾದ್ರ ಉಳಿದ ಹೊಲಾ?" ಎಂದೆ.

ಶಂಕ್ರೆಪ್ಪ ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಒರೆಸಿಕೊಂಡು, ನನ್ನ ಮುಖ ನೋಡದೆ, "ಉಳಿದದ್ದು ಬ್ಯಾರೆ ಮಾತ್ರಿ ಸರ," ಎಂದ.

ಅಳು ಬಂತು. ನಗುವೂ ಬಂತು. ಅತ್ತೆ ಇದ್ದಿದ್ದರೆ ನಕ್ಕೇ ಇರುತ್ತಿದ್ದಳು. ಸಂಜೆಯ ಹೊತ್ತಿಗೆ ಆಕೆಯನ್ನು ಮಾವನ ಎಡಕ್ಕೆ ಮಣ್ಣು ಮಾಡಿ, ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದೆವು. ಶಂಕ್ರೆಪ್ಪನೂ ಹಾಕಿದ. ಅವನ ಕೈಯಲ್ಲಿದ್ದದ್ದು ಅವನ ಮಣ್ಣೋ ನಮ್ಮದೋ ಎಂದು ಯಾರೂ ವಿಚಾರಿಸಲಿಲ್ಲ.

ಇದನ್ನು ಕೇಳಿ, ಶಂಕ್ರೆಪ್ಪನ ಹೃದಯ ಪರಿವರ್ತನೆಯಾಗಿ ಬದು ಹಿಂದೆ ಸರಿಯಿತೆಂದು ನೀವು ನಿರೀಕ್ಷಿಸಿದ್ದರೆ ಕ್ಷಮಿಸಿ, ನಾನೂ ನಿರೀಕ್ಷಿಸಿದ್ದೆ. ಮರುವರ್ಷ ಎಳ್ಳಮಾವಾಸ್ಯೆಗೆ ಅತ್ತೆಯ ಮಗಳು ಕರೆದಳೆಂದು ಹೋದೆ. ಬದು ಎರಡು ಸಮಾಧಿಗಳ ಹತ್ತಿರ ವಿನಯದಿಂದ ಸೊಂಟ ಬಳುಕಿಸಿ, ಅವನ್ನು ನಮ್ಮ ಕಡೆಗೆ ಬಿಟ್ಟುಕೊಟ್ಟು, ಅಲ್ಲಿಂದ ಮುಂದೆ ಎಂದಿನ ಉತ್ಸಾಹದಲ್ಲಿ ನಮ್ಮ ಹೊಲದೊಳಗೆ ಇನ್ನೊಂದು ಸಾಲು ಮುಂದುವರಿದಿತ್ತು. ಗುಡಿಯ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು. ಬಂಗಾರದ ಹಲ್ಲು ಹೊಳೆಯುತ್ತಿತ್ತು. ದೇವರು ನನ್ನ ಅರ್ಜಿಯನ್ನು ತಿರಸ್ಕರಿಸಿದನೋ, ಅರ್ಜಿಯಲ್ಲಿ ಕೇಳದೆ ಇದ್ದದ್ದನ್ನು ಕೊಟ್ಟನೋ ನನಗೆ ಈಗಲೂ ತಿಳಿಯದು. ನಾನು ಕಾಯುತ್ತಿದ್ದದ್ದು ಶಂಕ್ರೆಪ್ಪ ಬೀಳುವುದಕ್ಕೆ, ಮತ್ತು ಅದನ್ನು ದೇವರ ಮೇಲಿನ ಭರವಸೆ ಎಂದು ಕರೆಯುತ್ತಿದ್ದೆ. ಅತ್ತೆ ಯಾವುದಕ್ಕೂ ಕಾಯುತ್ತಿರಲಿಲ್ಲ, ಹೊಟ್ಟೆ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಉಣಿಸುತ್ತಿದ್ದಳು. ನಾನು ಬುಟ್ಟಿ ಹೊತ್ತು, ಬದು ದಾಟಿ, ಹಳೆಯ ಗಡಿಯ ಗುಂಟ ಶಂಕ್ರೆಪ್ಪನ ಜೋಳದೊಳಗೆ ನಡೆದೆ. ಅಂದು ನನ್ನ ಕೂಗಿಗೆ ಗುಬ್ಬಿಗಳು ಹಾರಿದವು.

ಸಂಜೆ ಸಾಲಹಳ್ಳಿಯ ಕೈಕಂಬದ ಹತ್ತಿರ ಬಸ್ಸಿಗೆ ನಿಂತೆ. ಅತ್ತೆಯ ಮಗಳು ಬುಟ್ಟಿ ತುಂಬ ಹೋಳಿಗೆ, ಕಡಬು ತುಂಬಿ ಮೇಲೆ ಬಿಳಿ ಬಟ್ಟೆ ಕಟ್ಟಿ ಕೊಟ್ಟಿದ್ದಳು. ಬಸ್ಸು ಬಂತು. ನನ್ನ ಪಕ್ಕದಲ್ಲಿ ನಿಂತಿದ್ದ ಕಟ್ಟುಮಸ್ತು ಆಸಾಮಿಯೊಬ್ಬ ಓಡಿ, ಉಳಿದಿದ್ದ ಒಂದೇ ಖಾಲಿ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ. ಗುರಿ ಅಮೋಘವಾಗಿತ್ತು. ನಾನು ಎಲ್ಲರಿಗೂ ದಾರಿ ಬಿಟ್ಟು ಹತ್ತಿ, ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಅವನ ಪಕ್ಕದಲ್ಲೇ ನಿಂತೆ. ಬ್ರೇಕಿನ ಕುರಿತು ಏನನ್ನೂ ಬೇಡಿಕೊಳ್ಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನು ತಲೆಯೆತ್ತಿ ನೋಡಿ, "ಚರಗದ ಬುತ್ತಿ ಏನ್ರಿ? ಇಲ್ಲಿ ಕೊಡ್ರಿ, ನಾ ಹಿಡಕೊಂತೇನಿ," ಎಂದು ಕೈ ಚಾಚಿದ.

ಸೀಟು ಬಿಡಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಧೂಳು ಬೀಳದಂತೆ ಅದರ ಮೇಲೆ ತನ್ನ ಟವೆಲ್ಲನ್ನು ಹೊದಿಸಿ, ಬೈಲಹೊಂಗಲ ಬರುವವರೆಗೂ ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದ.